ಮಳೆಗಾಲದ ಕಣ್ಣುಬೇನೆ ಮತ್ತು ಗೋಡೆಗೂಡಿನ ಡ್ರಾಪ್ಸ್ ಬಾಟಲಿ

ಆಷಾಢದ ಮಳೆ ಹಿಡಿದು ಕೂತಿತೆಂದರೆ ಮಲೆನಾಡಿನ ಮನೆಗಳಲ್ಲಿ ಬಟ್ಟೆ ಒಣಗುವುದಕ್ಕೆ ಉಳಿಯುವುದು ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗ ಮಾತ್ರ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಆ ಹಗ್ಗದ ತುದಿಗೆ ಒಂದು ಬೈರಾಸು ಸದಾ ತೂಗುತ್ತಿರುತ್ತಿತ್ತು. ತೋಟದಿಂದ ಬಂದವರು, ಶಾಲೆಯಿಂದ ಬಂದವರು, ಮಳೆಗೆ ಸಿಕ್ಕಿಬಿದ್ದು ಉಳಿದುಕೊಂಡ ನೆಂಟರು, ಎಲ್ಲರೂ ಕೈಕಾಲು ತೊಳೆದು ಮುಖ ಒರೆಸಿಕೊಳ್ಳುತ್ತಿದ್ದುದು ಅದರಲ್ಲೇ. ಮಳೆಗಾಲ ಮುಗಿಯುವ ತನಕ ಆ ಬೈರಾಸು ಪೂರ್ತಿ ಒಣಗಿದ್ದನ್ನು ನಾನು ಕಂಡ ನೆನಪಿಲ್ಲ. ಮನೆಯಲ್ಲಿ ಒಬ್ಬರಿಗೆ ಕಣ್ಣುಬೇನೆ ಬಂದರೆ ಹದಿನೈದು ದಿನ ಕಳೆಯುವುದರೊಳಗೆ ಆರು ಜನಕ್ಕೂ ಬಂದು ಹೋಗುತ್ತಿತ್ತು. ಆಗ ಗೋಡೆಗೂಡಿನಿಂದ ಹಿಂದಿನ ವರ್ಷದ ಡ್ರಾಪ್ಸ್ ಬಾಟಲಿಯೊಂದು ಹೊರಬರುತ್ತಿತ್ತು. ಯಾರಿಗೋ ಯಾವುದಕ್ಕೋ ಬರೆದುಕೊಟ್ಟಿದ್ದ ಔಷಧ ಅದು. ಅದರ ಮೂತಿ ಒಬ್ಬೊಬ್ಬರ ರೆಪ್ಪೆಗೂ ತಾಗುತ್ತ ಮನೆಯೆಲ್ಲ ಸುತ್ತಿ ಮತ್ತೆ ಗೂಡು ಸೇರುತ್ತಿತ್ತು.

ಆ ಬೈರಾಸು ಕಣ್ಣುಬೇನೆಯನ್ನು ಹರಡುತ್ತಿತ್ತು ಎಂಬುದನ್ನು ಈಗ ಬಹಳ ಜನ ಬಲ್ಲರು. ಆ ಬಾಟಲಿ ಅದಕ್ಕಿಂತ ದೊಡ್ಡ ಅಪಾಯವಾಗಿತ್ತು ಎಂಬುದು ಅಷ್ಟಾಗಿ ತಿಳಿದಿಲ್ಲ. ಬೈರಾಸಿನಿಂದ ಬಂದ ಬೇನೆ ತನ್ನಷ್ಟಕ್ಕೆ ವಾಸಿಯಾಗುತ್ತದೆ. ತಪ್ಪು ಬಾಟಲಿಯಿಂದ ಹೋದ ದೃಷ್ಟಿ ಎಷ್ಟೋ ಸಲ ಮರಳಿ ಬರುವುದಿಲ್ಲ.

2023ರ ಜುಲೈ ಕೊನೆಯ ವಾರ ಮತ್ತು ಆಗಸ್ಟ್ ಮೊದಲ ವಾರದ ನಡುವೆ, ಎರಡು ವಾರವೂ ತುಂಬದ ಅವಧಿಯಲ್ಲಿ, ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕಕ್ಕೆ ಸಿಕ್ಕ ಕಣ್ಣುಬೇನೆಯ ಪ್ರಕರಣಗಳೇ 40,000 ದಾಟಿದ್ದವು. ಬೀದರ್, ಹಾವೇರಿ, ರಾಯಚೂರು ಜಿಲ್ಲೆಗಳೊಂದಿಗೆ ಶಿವಮೊಗ್ಗವೂ ಹೆಚ್ಚು ಪ್ರಕರಣಗಳಿದ್ದ ಜಿಲ್ಲೆಗಳ ಸಾಲಿನಲ್ಲಿತ್ತು. ಆಸ್ಪತ್ರೆಯ ಮೆಟ್ಟಿಲು ಹತ್ತದೆ ಮನೆಯಲ್ಲೇ ಕಣ್ಣು ಒರೆಸಿಕೊಂಡವರು ಈ ಲೆಕ್ಕಕ್ಕೆ ಸೇರಿರುವುದಿಲ್ಲ. ಅಷ್ಟು ದೊಡ್ಡ ಅಲೆ ಪ್ರತಿ ವರ್ಷ ಏಳುವುದಿಲ್ಲವಾದರೂ ಮಳೆಗಾಲದಲ್ಲಿ ಹಾಸ್ಟೆಲ್ಲುಗಳಲ್ಲಿ, ಅಂಗನವಾಡಿಗಳಲ್ಲಿ, ಕಿಟಕಿ ಮುಚ್ಚಿಕೊಂಡು ಕಿಕ್ಕಿರಿದು ಓಡುವ ಬಸ್ಸುಗಳಲ್ಲಿ ಈ ಬೇನೆ ತನ್ನ ಸುತ್ತು ಹಾಕಿಯೇ ಹಾಕುತ್ತದೆ.

ಕಣ್ಣಿನ ಬಿಳಿಭಾಗದ ಮೇಲೂ ರೆಪ್ಪೆಗಳ ಒಳಮೈಗೂ ಹೊದಿಸಿದಂತಿರುವ ತೆಳ್ಳನೆಯ ಪೊರೆ ಉರಿಯೂತಕ್ಕೆ ಒಳಗಾಗಿ, ಅದರೊಳಗಿನ ಸಣ್ಣ ರಕ್ತನಾಳಗಳು ಹಿಗ್ಗುವುದೇ ಕಣ್ಣುಬೇನೆ. ವೈದ್ಯರು ಇದನ್ನು ಕಂಜಂಕ್ಟಿವೈಟಿಸ್ ಎನ್ನುತ್ತಾರೆ, ಪೇಟೆಯಲ್ಲಿ ಮದ್ರಾಸ್ ಐ ಎಂಬ ಹೆಸರು ಹೆಚ್ಚು ಓಡುತ್ತದೆ. ಸಾಂಕ್ರಾಮಿಕವಾಗಿ ಹಬ್ಬುವ ಕಣ್ಣುಬೇನೆಗೆ ಬಹುಪಾಲು ವೈರಸ್ಸುಗಳೇ ಕಾರಣ. ಅವುಗಳಲ್ಲಿ ಮುಖ್ಯವಾದುದು ಅಡಿನೋವೈರಸ್. ಇನ್ನೊಂದು ಗುಂಪು ಎಂಟೆರೋವೈರಸ್‌ಗಳದ್ದು, ಇವು ಕಣ್ಣಿನ ಬಿಳಿಭಾಗದಲ್ಲಿ ರಕ್ತ ಚೆಲ್ಲಿದಂತೆ ಕಲೆ ಮೂಡಿಸುತ್ತವೆ. ಈ ರಕ್ತಗಣ್ಣಿನ ಬೇನೆ ಮೊದಲು ಗುರುತಿಗೆ ಬಂದದ್ದು 1969ರಲ್ಲಿ, ಆಫ್ರಿಕದ ಘಾನಾದಲ್ಲಿ. ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷವಾದ್ದರಿಂದ ಅಲ್ಲಿನವರು ಅದನ್ನು ಅಪೊಲೊ ಬೇನೆ ಎಂದರು. 1971ರಲ್ಲಿ, ಬಾಂಗ್ಲಾ ವಿಮೋಚನೆಯ ಹೊತ್ತಿನಲ್ಲಿ, ಪಶ್ಚಿಮ ಬಂಗಾಳದಲ್ಲಿ ಅದು ಹಬ್ಬಿದಾಗ ‘ಜೊಯ್ ಬಾಂಗ್ಲಾ’ ಎಂಬ ಹೆಸರು ಬಿತ್ತು. ಹೆಸರು ಯಾವುದಾದರೂ ಇರಲಿ, ಈ ವೈರಸ್ಸುಗಳನ್ನು ಕೊಲ್ಲುವ ಡ್ರಾಪ್ಸ್ ಇಂದಿಗೂ ವಾಡಿಕೆಯ ಬಳಕೆಗೆ ಬಂದಿಲ್ಲ. ಮುಂದೆ ಹೇಳುವುದೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ರೋಗಿಯ ಕಣ್ಣನ್ನು ದಿಟ್ಟಿಸಿ ನೋಡಿದರೆ ಬೇನೆ ತಗಲುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕಪ್ಪು ಕನ್ನಡಕ ಹಾಕಿಕೊಳ್ಳದೆ ಹೊರಗೆ ಬಂದವರನ್ನು ಜನ ಸಿಟ್ಟಿನಿಂದ ನೋಡುವುದೂ ಉಂಟು. ನೋಟದಿಂದ ಏನೂ ದಾಟುವುದಿಲ್ಲ. ಕಪ್ಪು ಕನ್ನಡಕ ಬೆಳಕು ಚುಚ್ಚುವ ಕಣ್ಣಿಗೆ ಹಿತ ಕೊಡುತ್ತದೆ, ಕೈ ಪದೇಪದೇ ಕಣ್ಣಿಗೆ ಹೋಗುವುದನ್ನು ಸ್ವಲ್ಪ ತಡೆಯುತ್ತದೆ, ಅಷ್ಟೆ. ಬೇನೆ ದಾಟುವುದು ಮುಖ್ಯವಾಗಿ ಕೈಯಿಂದ: ಕಣ್ಣು ಉಜ್ಜಿದ ಕೈ ಬಾಗಿಲ ಚಿಲಕ ಹಿಡಿಯುತ್ತದೆ, ಬಸ್ಸಿನ ಕಂಬಿ ಹಿಡಿಯುತ್ತದೆ, ಮೊಬೈಲು ಹಿಡಿಯುತ್ತದೆ, ಇನ್ನೊಬ್ಬರ ಕೈ ಅಲ್ಲಿಂದ ಅದನ್ನು ತನ್ನ ಕಣ್ಣಿಗೆ ಒಯ್ಯುತ್ತದೆ. ಅಡಿನೋವೈರಸ್ ಒಣ ಮೇಲ್ಮೈಗಳ ಮೇಲೂ ವಾರಗಟ್ಟಲೆ ಬದುಕಿ ಉಳಿಯಬಲ್ಲದು. ಮೇಲಾಗಿ, ಮದ್ಯಸಾರದ ಸ್ಯಾನಿಟೈಸರ್‌ಗೆ ಅದು ಇತರ ಎಷ್ಟೋ ವೈರಸ್ಸುಗಳಷ್ಟು ಸುಲಭವಾಗಿ ಸಾಯುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯುವುದು ಸ್ಯಾನಿಟೈಸರ್‌ಗಿಂತ ಮೇಲು ಎಂದು ಹೇಳುವುದು ಇದಕ್ಕಾಗಿ. ಬಿಸಿಲು ಕಾಣದ ತಿಂಗಳುಗಳಲ್ಲಿ ರೋಗಿಯ ಬೈರಾಸು, ದಿಂಬಿನ ಚೀಲ, ಕರವಸ್ತ್ರಗಳನ್ನು ಪ್ರತ್ಯೇಕವಾಗಿಟ್ಟು ಕುದಿಯುವ ನೀರಿನಲ್ಲಿ ಅದ್ದಿ ಒಲೆಯ ಮೇಲೆ ಒಣಗಿಸುವುದು ನಮ್ಮ ಮನೆಗಳಲ್ಲಿ ಆಗದ ಕೆಲಸವೇನಲ್ಲ. ಬಚ್ಚಲ ಹಂಡೆಯಲ್ಲಿ ನೀರು ಹೇಗೂ ಕಾಯುತ್ತಲೇ ಇರುತ್ತದೆ.

ಸೋಂಕು ತಗುಲಿ ಲಕ್ಷಣ ತೋರುವುದಕ್ಕೆ ಎಂಟೆರೋವೈರಸ್ ಒಂದೆರಡು ದಿನ ತೆಗೆದುಕೊಂಡರೆ ಅಡಿನೋವೈರಸ್ ಸಾಮಾನ್ಯವಾಗಿ 5ರಿಂದ 12 ದಿನ ತೆಗೆದುಕೊಳ್ಳುತ್ತದೆ. ಮೊದಲು ಒಂದು ಕಣ್ಣು ಕೆಂಪಾಗಿ, ಮಣ್ಣಿನ ಹರಳು ಬಿದ್ದಂತೆ ಚುಚ್ಚಿ, ನೀರು ಸುರಿಯುತ್ತದೆ. ಕೆಲವು ದಿನಗಳಲ್ಲಿ ಇನ್ನೊಂದಕ್ಕೂ ಬರುತ್ತದೆ. ಕಿವಿಯ ಮುಂದೆ ಸಣ್ಣ ಗಂಟು ಕೈಗೆ ಸಿಗಬಹುದು, ನೆಗಡಿ ಗಂಟಲುನೋವು ಜೊತೆಗಿರಬಹುದು. ನಾಲ್ಕೈದನೆಯ ದಿನದ ಹೊತ್ತಿಗೆ ತೊಂದರೆ ತುದಿ ಮುಟ್ಟಿ, ಒಂದೆರಡು ವಾರದೊಳಗೆ ಇಳಿದುಹೋಗುತ್ತದೆ. ಬ್ಯಾಕ್ಟೀರಿಯಾದಿಂದ ಬಂದ ಬೇನೆಯಲ್ಲಿ ನೀರಿಗಿಂತ ದಪ್ಪನೆಯ ಹಳದಿ ಅಥವಾ ಹಸಿರುಛಾಯೆಯ ಪಿಸುರು ಹೆಚ್ಚು. ಬೆಳಿಗ್ಗೆ ಎದ್ದಾಗ ಎರಡೂ ರೆಪ್ಪೆ ಅಂಟಿಕೊಂಡು ಕಣ್ಣು ಬಿಡಲಾಗದೆ ಮಕ್ಕಳು ಹೆದರಿ ಅಳುತ್ತಾರೆ. ಆದರೆ ವೈರಸ್ ಬೇನೆಯಲ್ಲೂ ರೆಪ್ಪೆ ಅಂಟುವುದುಂಟು, ಹೀಗಾಗಿ ಪಿಸುರೊಂದನ್ನೇ ನೋಡಿ ಇದು ಇಂಥದ್ದೆಂದು ಮನೆಯಲ್ಲಿ ತೀರ್ಮಾನಿಸಲಾಗದು. ಮೂರನೆಯದು ಅಲರ್ಜಿ. ಧೂಳು, ಪರಾಗ, ಹೊಗೆಗಳಿಂದ ಎರಡೂ ಕಣ್ಣು ಒಟ್ಟಿಗೆ ಕೆಂಪಾಗುತ್ತವೆ, ಎಲ್ಲಕ್ಕಿಂತ ಮುಂದಾಗಿ ತುರಿಕೆ ಕಾಡುತ್ತದೆ, ವರ್ಷ ವರ್ಷವೂ ಅದೇ ಕಾಲಕ್ಕೆ ಮರುಕಳಿಸುತ್ತದೆ. ಅಲರ್ಜಿಯದು ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ.

ವೈರಸ್ ಕಣ್ಣುಬೇನೆಗೆ ಔಷಧವಿಲ್ಲ ಎಂದರೆ ಮಾಡುವುದೇನೂ ಇಲ್ಲ ಎಂದು ಅರ್ಥವಲ್ಲ. ಆ ಒಂದೆರಡು ವಾರವನ್ನು ಸಹ್ಯವಾಗಿಸುವುದು ಕೂಡ ಚಿಕಿತ್ಸೆಯೇ, ಮತ್ತು ಅದನ್ನು ಬಹುಪಾಲು ಮನೆಯಲ್ಲೇ ಮಾಡಬಹುದು. ಕುದಿಸಿ ಆರಿಸಿದ ನೀರಿನಲ್ಲಿ ಶುಭ್ರವಾದ ಹತ್ತಿ ಅಥವಾ ಮೆತ್ತನೆಯ ಬಟ್ಟೆಯ ತುಣುಕನ್ನು ಅದ್ದಿ ಹಿಂಡಿ, ಮೂಗಿನ ಬದಿಯಿಂದ ಕಿವಿಯ ಬದಿಗೆ ಒಂದೇ ಸಲ ಹಗುರವಾಗಿ ಒರೆಸಿ, ಆ ತುಣುಕನ್ನು ಬಿಸಾಡಬೇಕು. ಮತ್ತೊಮ್ಮೆ ಒರೆಸಲು ಹೊಸ ತುಣುಕು, ಇನ್ನೊಂದು ಕಣ್ಣಿಗೆ ಬೇರೆಯೇ ತುಣುಕು. ರೆಪ್ಪೆ ಒಣಗಿ ಅಂಟಿದ್ದರೆ ಎಳೆದು ಬಿಡಿಸಬಾರದು; ಉಗುರುಬೆಚ್ಚಗಿನ ಒದ್ದೆ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಎರಡು ಮೂರು ನಿಮಿಷ ಇಟ್ಟರೆ ಪಿಸುರು ತಾನೇ ಮೆತ್ತಗಾಗಿ ಬಿಡುತ್ತದೆ. ಊತ, ಉರಿ, ತುರಿಕೆಗಳಿಗೆ ತಣ್ಣನೆಯ ಪಟ್ಟಿಯಷ್ಟು ಹಿತವಾದುದು ಬೇರೆ ಇಲ್ಲ. ದಿನಕ್ಕೆ ಮೂರು ನಾಲ್ಕು ಸಲ, ಐದರಿಂದ ಹತ್ತು ನಿಮಿಷ, ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಐಸನ್ನು ನೇರವಾಗಿ ಕಣ್ಣಿಗೆ ಒತ್ತಬಾರದು.

ಹರಳು ಚುಚ್ಚಿದ ಹಾಗಾಗುವುದಕ್ಕೆ ಕೃತಕ ಕಣ್ಣೀರು ಎಂದು ಕರೆಯುವ ಡ್ರಾಪ್ಸ್ ಬಹಳ ಆರಾಮ ಕೊಡುತ್ತದೆ. ಇದರಲ್ಲಿ ಸಾಮಾನ್ಯವಾಗಿ ಇರುವುದು ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಎಂಬ, ಕಣ್ಣಿನ ಮೈಗೆ ಜಾರುತನ ಕೊಡುವ ವಸ್ತು. ಇದು ಸೋಂಕನ್ನು ಕೊಲ್ಲುವುದಿಲ್ಲ, ಕಣ್ಣನ್ನು ತೇವವಾಗಿಟ್ಟು ಕೆರೆತವನ್ನು ತಗ್ಗಿಸುತ್ತದೆ. ನೋವು, ಮೈಬಿಸಿ ಇದ್ದರೆ ವಯಸ್ಸಿಗೆ ತಕ್ಕ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು. ಕಾಡಿಗೆ ಹಚ್ಚುವುದನ್ನು ನಿಲ್ಲಿಸಬೇಕು, ಹಚ್ಚುತ್ತಿದ್ದ ಡಬ್ಬಿಯನ್ನು ಎಸೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ತಕ್ಷಣ ತೆಗೆದು, ತಡಮಾಡದೆ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಲೆನ್ಸ್ ಹಾಕುವವರಲ್ಲಿ ಕೆಂಪು ಕಣ್ಣು ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದಲ್ಲೇ ಸೋಂಕು ಕೂತಿರುವ ಸಾಧ್ಯತೆ ಹೆಚ್ಚು. ತುಂಬ ನೋವಿದ್ದ ಕಣ್ಣಿಗೆ ಪಟ್ಟಿ ಕಟ್ಟಿ ಮುಚ್ಚಿಡುವ ಹಳೆಯ ರೂಢಿಯೂ ಒಳ್ಳೆಯದಲ್ಲ. ಮುಚ್ಚಿದ ಬೆಚ್ಚನೆಯ ತೇವದಲ್ಲಿ ಬ್ಯಾಕ್ಟೀರಿಯಾ ಇನ್ನಷ್ಟು ಬೆಳೆಯುತ್ತದೆ.

ಡ್ರಾಪ್ಸ್ ಹಾಕುವ ಕ್ರಮವನ್ನು ಯಾರೂ ನಮಗೆ ಕೂರಿಸಿ ಕಲಿಸಿದ್ದಿಲ್ಲ. ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಹಗುರವಾಗಿ ಕೆಳಗೆಳೆದಾಗ ಆಗುವ ಸಣ್ಣ ಜೋಳಿಗೆಯೊಳಗೆ ಒಂದೇ ಹನಿ ಬಿಡಬೇಕು, ಬಾಟಲಿಯ ಮೂತಿ ಎಲ್ಲಿಗೂ ತಾಗಬಾರದು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಬುಡದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ಉಳಿಯುತ್ತದೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ಕಣ್ಣು ಬಿಡಲೊಲ್ಲದ ಮಗುವಿನೊಂದಿಗೆ ಜಗ್ಗಾಡುವುದಕ್ಕಿಂತ ಅದನ್ನು ಅಂಗಾತ ಮಲಗಿಸಿ, ಮುಚ್ಚಿದ ಕಣ್ಣಿನ ಮೂಗಿನ ಬದಿಯ ಮೂಲೆಯಲ್ಲಿ ಹನಿ ಬಿಟ್ಟು ಕಾಯುವುದು ಲೇಸು. ಮಗು ಕಣ್ಣು ತೆರೆದ ಕ್ಷಣ ಹನಿ ತಾನೇ ಒಳಗೆ ಇಳಿಯುತ್ತದೆ. ನನ್ನ ತಂಗಿಯ ಮಗಳಿಗೆ ಹಾಗೆ ಹಾಕುತ್ತಿದ್ದಾಗ ಅವಳು ನೂರರವರೆಗೆ ಎಣಿಸಿ ಕಣ್ಣು ಬಿಡುತ್ತಿದ್ದಳು. ಹನಿ ಅಷ್ಟು ಹೊತ್ತೂ ಆ ಮೂಲೆಯಲ್ಲಿ ಪುಟ್ಟ ಕೆರೆಯಂತೆ ನಿಂತಿರುತ್ತಿತ್ತು.

ಇನ್ನು ಆಂಟಿಬಯೋಟಿಕ್ ಡ್ರಾಪ್ಸ್. ಬ್ಯಾಕ್ಟೀರಿಯಾದ ಬೇನೆಯಾಗಿದ್ದರೆ ಇವು ಕೆಲಸ ಮಾಡುತ್ತವೆ, ಆದರೆ ಅಲ್ಲಿಯೂ ಹೆಚ್ಚಿನ ಸೌಮ್ಯ ಪ್ರಕರಣಗಳು ವಾರ ಹತ್ತು ದಿನದಲ್ಲಿ ಔಷಧವಿಲ್ಲದೆಯೇ ಗುಣವಾಗುತ್ತವೆ. ಡ್ರಾಪ್ಸ್ ಆ ಅವಧಿಯನ್ನು ಸ್ವಲ್ಪ ಕುಗ್ಗಿಸುತ್ತದೆ. ವೈರಸ್ ಬೇನೆಯ ಮೇಲೆ ಮಾಕ್ಸಿಫ್ಲಾಕ್ಸಸಿನ್ ಆಗಲಿ ಟೋಬ್ರಾಮೈಸಿನ್ ಆಗಲಿ ಯಾವ ಪರಿಣಾಮವನ್ನೂ ಮಾಡುವುದಿಲ್ಲ. ಎಂಟನೆಯ ದಿನ ಕಣ್ಣು ತಿಳಿಯಾದಾಗ ನಾವು ಅದರ ಶ್ರೇಯವನ್ನು ಬಾಟಲಿಗೆ ಕೊಡುತ್ತೇವೆ, ಮುಂದಿನ ವರ್ಷಕ್ಕೆಂದು ಅದನ್ನು ಗೂಡಿನಲ್ಲಿಡುತ್ತೇವೆ. ವೈದ್ಯರು ಎರಡನೆಯ ಸೋಂಕು ತಡೆಯಲೆಂದು ಕೆಲವೊಮ್ಮೆ ಆಂಟಿಬಯೋಟಿಕ್ ಬರೆಯುವುದುಂಟು, ಆ ನಿರ್ಧಾರ ಕಣ್ಣನ್ನು ನೋಡಿದವರದ್ದಾಗಿರಲಿ. ಬೇಡದ ಕಡೆ ಸುರಿದ ಆಂಟಿಬಯೋಟಿಕ್, ಮುಂದೆ ನಿಜವಾಗಿ ಬೇಕಾದಾಗ ಕೈಕೊಡುವ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತದೆ.

ಇಷ್ಟೇ ಆಗಿದ್ದರೆ ನಾನು ಬಾಟಲಿಯನ್ನು ಇಷ್ಟು ದೂರುತ್ತಿರಲಿಲ್ಲ. ಮೆಡಿಕಲ್ ಶಾಪಿನ ಕೌಂಟರಿನಲ್ಲಿ “ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ” ಎಂದಾಗ ಕೈಗೆ ಬರುವ ಬಾಟಲಿ ಎಷ್ಟೋ ಸಲ ಆಂಟಿಬಯೋಟಿಕ್ ಜೊತೆ ಸ್ಟೀರಾಯ್ಡ್ ಬೆರೆಸಿದ್ದಾಗಿರುತ್ತದೆ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಲೋಟೆಪ್ರೆಡ್ನಾಲ್, ಇವೆಲ್ಲ ಸ್ಟೀರಾಯ್ಡ್‌ಗಳು. ಇವು ಉರಿಯೂತವನ್ನು ಬಹಳ ಬೇಗ ಅಡಗಿಸುತ್ತವೆ, ಹಾಕಿದ ಮಾರನೆಯ ದಿನವೇ ಕಣ್ಣು ಬೆಳ್ಳಗಾಗುತ್ತದೆ, ಔಷಧ ಕೊಟ್ಟವರ ಮೇಲೆ ನಂಬಿಕೆ ಹುಟ್ಟುತ್ತದೆ. ಆದರೆ ಕೆಂಪು ಎನ್ನುವುದು ದೇಹ ಸೋಂಕಿನೊಡನೆ ನಡೆಸುತ್ತಿರುವ ಹೋರಾಟದ ಗುರುತು. ಸ್ಟೀರಾಯ್ಡ್ ಆ ಹೋರಾಟವನ್ನೇ ನಿಲ್ಲಿಸುತ್ತದೆ, ಸೋಂಕನ್ನಲ್ಲ. ಅಡಿನೋವೈರಸ್ ಆಗಿದ್ದರೆ ಅದು ಕಣ್ಣಿನಲ್ಲಿ ಇನ್ನಷ್ಟು ದಿನ ಉಳಿಯುವಂತಾಗುತ್ತದೆ. ಹರ್ಪಿಸ್ ವೈರಸ್ ಆಗಿದ್ದರೆ ಕಾರ್ನಿಯಾದ ಮೇಲಿನ ಹುಣ್ಣು ಹರಡುತ್ತ ಆಳಕ್ಕಿಳಿಯುತ್ತದೆ. ಶಿಲೀಂಧ್ರದ ಸೋಂಕಾಗಿದ್ದರೆ ಗದ್ದೆಗೆ ಗೊಬ್ಬರ ಹಾಕಿದ ಹಾಗಾಗುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮ ಬರಬಹುದು, ಎಳೆ ವಯಸ್ಸಿನಲ್ಲೇ ಕಣ್ಣಿನ ಮಸೂರ ಮಂಜಾಗಿಸುವ ಪೊರೆ (ಕ್ಯಾಟರ್ಯಾಕ್ಟ್) ಬೆಳೆಯಬಹುದು. ಅಲರ್ಜಿಯಿಂದ ಪ್ರತಿ ಬೇಸಿಗೆಯಲ್ಲೂ ಕಣ್ಣು ಉಜ್ಜುವ ಮಕ್ಕಳಿಗೆ, ತುರಿಕೆ ಬಂದಾಗಲೆಲ್ಲ ಹಳೆಯ ಚೀಟಿ ತೋರಿಸಿ ಅದೇ ಡ್ರಾಪ್ಸ್ ತಂದು ಹಾಕುವ ತಂದೆತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ಗ್ಲಾಕೋಮದಿಂದ ಕುಂದಿದ ದೃಷ್ಟಿ ವಾಪಸು ಬರುವುದಿಲ್ಲ, ಕುಂದುತ್ತಿರುವುದು ಮಗುವಿಗೆ ಗೊತ್ತಾಗುವುದೂ ಇಲ್ಲ.

ಸ್ಟೀರಾಯ್ಡ್ ಕೆಟ್ಟ ಔಷಧವೆಂದು ನಾನು ಹೇಳುತ್ತಿಲ್ಲ. ತೀವ್ರವಾದ ಅಡಿನೋವೈರಸ್ ಬೇನೆಯಲ್ಲಿ ರೆಪ್ಪೆಯ ಒಳಗೆ ಪೊರೆ ಕಟ್ಟಿದಾಗ, ಕಾರ್ನಿಯಾದಲ್ಲಿ ಚುಕ್ಕೆಗಳು ಮೂಡಿ ನೋಟ ಮಂಜಾದಾಗ, ಕಣ್ಣಿನ ತಜ್ಞರು ಯಂತ್ರದಲ್ಲಿ ಪರೀಕ್ಷಿಸಿ, ಹುಣ್ಣಿಲ್ಲವೆಂದು ಖಾತ್ರಿಪಡಿಸಿಕೊಂಡು, ಲೆಕ್ಕ ಹಾಕಿ ಅದನ್ನು ಕೊಡುತ್ತಾರೆ, ಲೆಕ್ಕ ಹಾಕಿಯೇ ಇಳಿಸುತ್ತಾರೆ. ಆ ಲೆಕ್ಕ ಕೌಂಟರಿನ ಆಚೆ ಈಚೆ ನಿಂತವರಿಬ್ಬರ ಬಳಿಯೂ ಇರುವುದಿಲ್ಲ. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಲೇಬಲ್ಲಿನ ಎಡಬದಿಯಲ್ಲಿ ಒಂದು ಕೆಂಪು ಗೆರೆ ಇರುತ್ತದೆ. ಓದಲು ಬಾರದವರಿಗೂ ಆ ಗೆರೆ ಕಾಣುತ್ತದೆ. ಮನೆಯ ಗೂಡಿನಲ್ಲಿರುವ ಬಾಟಲಿಯನ್ನು ಇಂದೇ ತೆಗೆದು ಆ ಗೆರೆಯನ್ನು ನೋಡಿ, ಅದರ ಪಕ್ಕದಲ್ಲಿ ಅಡಕಗಳ ಸಾಲನ್ನು ಓದಿ.

ಮಲೆನಾಡಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕಾಗಿರುವುದಕ್ಕೆ ಕಾರಣ ನಮ್ಮ ಕೆಲಸಗಳೇ. ಕೆಂಪಾದ ಕಣ್ಣೆಲ್ಲ ಕಣ್ಣುಬೇನೆಯಲ್ಲ. ಗದ್ದೆ ಕೊಯ್ಲಿನಲ್ಲಿ ಭತ್ತದ ಗರಿ ಕಣ್ಣಿಗೆ ತಾಗುತ್ತದೆ, ಒಕ್ಕಲಿನಲ್ಲಿ ಹೊಟ್ಟು ಹಾರಿ ಬೀಳುತ್ತದೆ, ಅಡಿಕೆ ತೋಟದಲ್ಲಿ ಸೋಗೆಯ ತುದಿ ಹೊಡೆಯುತ್ತದೆ. ಹಸಿರು ವಸ್ತುಗಳಿಂದಾದ ಇಂಥ ಸಣ್ಣ ಗೀರಿನ ಮೂಲಕ ಫ್ಯುಸೇರಿಯಂ, ಆಸ್ಪರ್ಜಿಲಸ್ ಮುಂತಾದ ಶಿಲೀಂಧ್ರಗಳು ಕಾರ್ನಿಯಾದೊಳಗೆ ಬೇರು ಬಿಡುತ್ತವೆ. ಮೊದಲ ದಿನಗಳಲ್ಲಿ ಇದು ಥೇಟ್ ಕಣ್ಣುಬೇನೆಯಂತೆಯೇ ಕಾಣುತ್ತದೆ. ನಮ್ಮ ಪಕ್ಕದ ಕೇರಿಯ ಹಿರಿಯರೊಬ್ಬರಿಗೆ ಹೀಗೇ ಆಯಿತು. ಕೊಯ್ಲಿನ ದಿನ ಗರಿ ತಾಗಿದ್ದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕಣ್ಣು ಕೆಂಪಾದಾಗ ಪೇಟೆಯಿಂದ ತರಿಸಿದ ಡ್ರಾಪ್ಸ್ ಹಾಕಿಕೊಂಡರು, ನಾಲ್ಕು ದಿನ ಹಿತವೆನಿಸಿತು. ಮೂರನೆಯ ವಾರ ಅವರು ಆಸ್ಪತ್ರೆ ತಲುಪಿದಾಗ ಕರಿಗುಡ್ಡೆಯ ನಡುವೆ ಉದ್ದಿನ ಬೇಳೆಯಷ್ಟು ಬಿಳಿ ಕಲೆ ಕೂತಿತ್ತು. ನಾಟಾಮೈಸಿನ್ ಎಂಬ ಶಿಲೀಂಧ್ರನಾಶಕ ಡ್ರಾಪ್ಸನ್ನು ಹಗಲಿಡೀ ಗಂಟೆಗೊಮ್ಮೆಯಂತೆ ವಾರಗಟ್ಟಲೆ ಹಾಕಿ ಕಣ್ಣನ್ನು ಉಳಿಸಿದರು, ನೋಟ ಉಳಿಯಲಿಲ್ಲ. ಊರಿನಲ್ಲಿ ಅದನ್ನು ‘ಕಣ್ಣಿಗೆ ಹೂ ಬಿತ್ತು’ ಎನ್ನುತ್ತಾರೆ. ಅವರ ಎಡಗಣ್ಣಿನಲ್ಲಿ ಆ ಹೂವು ಕೊನೆಯವರೆಗೂ ಇತ್ತು.

ಮಳೆಗಾಲದ ಇನ್ನೊಂದು ಕೆಲಸ ಔಷಧ ಹೊಡೆಯುವುದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ ಇರುತ್ತದೆ. ಅಡಿಕೆ ಗೊನೆಯತ್ತ ತಲೆಯೆತ್ತಿ ನೋಡುತ್ತ ದೋಟಿ ಹಿಡಿದವರ ಮುಖದ ಮೇಲೆ ಅದು ಹನಿಹನಿಯಾಗಿ ಬೀಳುತ್ತಲೇ ಇರುತ್ತದೆ. ಮೊದಲ ಹೊಡೆತ ಮುಂಗಾರಿನ ಆರಂಭಕ್ಕೆ, ಎರಡನೆಯದು ಅದಾಗಿ 40-45 ದಿನಕ್ಕೆ. ಅಂದರೆ ಕಣ್ಣುಬೇನೆ ಊರಲ್ಲಿ ಓಡಾಡುವ ಜುಲೈ ತಿಂಗಳಿಗೇ ಸರಿಯಾಗಿ. ಹಾಗಾಗಿ ದ್ರಾವಣ ಬಿದ್ದು ಕೆಂಪಾದ ಕಣ್ಣನ್ನೂ ‘ಬೇನೆ’ಯ ಲೆಕ್ಕಕ್ಕೆ ಸೇರಿಸಿಬಿಡುವುದು ಸುಲಭ. ಸುಣ್ಣ ಕ್ಷಾರ, ಅದು ಕಣ್ಣಿನ ಪದರಗಳನ್ನು ಕರಗಿಸುತ್ತ ಒಳಗಿಳಿಯುತ್ತದೆ. ಕಲಸುವಾಗ ಸುಣ್ಣದ ಗಟ್ಟಿ ಹಾಲು ಸಿಡಿದರಂತೂ ಒಂದು ನಿಮಿಷವನ್ನೂ ಕಳೆಯುವಂತಿಲ್ಲ. ಅಲ್ಲೇ ಇರುವ ಶುಭ್ರ ನೀರಿನಿಂದ, ರೆಪ್ಪೆಗಳನ್ನು ಬಿಡಿಸಿ ಹಿಡಿದು, ಕನಿಷ್ಠ ಅರ್ಧ ಗಂಟೆ ತೊಳೆಯುತ್ತಲೇ ಇರಬೇಕು, ಕಣ್ಣಲ್ಲಿ ಸುಣ್ಣದ ಕಾಳು ಉಳಿದಿದ್ದರೆ ಅದನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆಯಬೇಕು, ಆಮೇಲೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಕೆಲವು ನೂರು ರೂಪಾಯಿಯ ರಕ್ಷಣಾ ಕನ್ನಡಕವನ್ನು ಔಷಧ ಹೊಡೆಯುವವರಿಗೆ ಕೊಡಿಸುವುದು ತೋಟದ ಯಜಮಾನರ ಜವಾಬ್ದಾರಿ ಎಂದೇ ನಾನು ತಿಳಿದಿದ್ದೇನೆ.

ಜ್ವರದ ಜೊತೆ ಬರುವ ಕೆಂಗಣ್ಣು ಮತ್ತೊಂದು ಬಗೆ. ನಾಟಿಯ ಕಾಲದಲ್ಲಿ ಕೆಸರುಗದ್ದೆಯಲ್ಲಿ ನಿಂತು ದುಡಿದವರಿಗೆ ಜೋರು ಜ್ವರ, ಮೀನಖಂಡದಲ್ಲಿ ಮುಟ್ಟಲಾಗದಷ್ಟು ನೋವು, ಪಿಸುರಿಲ್ಲದೆ ರಕ್ತ ತುಂಬಿದಂತೆ ಕೆಂಪಾದ ಎರಡೂ ಕಣ್ಣು ಕಂಡರೆ ಇಲಿಜ್ವರವನ್ನು ನೆನೆಯಬೇಕು. ಬೇಗ ಗುರುತಿಸಿದರೆ ಸಾಮಾನ್ಯ ಆಂಟಿಬಯೋಟಿಕ್‌ಗಳಿಂದಲೇ ವಾಸಿಯಾಗುವ ಈ ರೋಗ, ತಡವಾದರೆ ಯಕೃತ್ತು ಮೂತ್ರಪಿಂಡಗಳನ್ನು ಹಿಡಿಯುತ್ತದೆ. 1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯಲ್ಲೂ ಜ್ವರ, ತಲೆನೋವು, ಮೈಕೈ ನೋವುಗಳೊಂದಿಗೆ ಕಣ್ಣು ಕೆಂಪಾಗುತ್ತದೆ. ಅದರ ಕಾಲ ಮಳೆಗಾಲವಲ್ಲ, ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ. ದರಗು (ಒಣ ಎಲೆ), ಸೌದೆಗೆಂದು ಕಾಡಿಗೆ ಹೋಗಿ ಬಂದವರಲ್ಲಿ ಹೆಚ್ಚು. ಇವೆರಡರಲ್ಲೂ ಕಣ್ಣಿಗೆ ಡ್ರಾಪ್ಸ್ ಹಾಕುತ್ತ ಕೂರುವುದೆಂದರೆ ಬೆಂಕಿ ಬಿದ್ದ ಮನೆಯ ಹೊಗೆಗೆ ಕಿಟಕಿ ತೆರೆದಂತೆ.

ಕಣ್ಣುಬೇನೆಯಲ್ಲಿ ಕಿರಿಕಿರಿ ಇರುತ್ತದೆ, ಆಳವಾದ ನೋವು ಇರುವುದಿಲ್ಲ. ಪಿಸುರನ್ನು ಒರೆಸಿದ ಮೇಲೆ ನೋಟ ಸ್ಪಷ್ಟವಾಗಿರುತ್ತದೆ. ಈ ಎರಡು ಗುರುತುಗಳನ್ನು ಮನೆಯವರೆಲ್ಲ ತಿಳಿದಿರಬೇಕು. ಒರೆಸಿದ ಮೇಲೂ ನೋಟ ಮಂಜಾಗಿಯೇ ಇದ್ದರೆ, ನೋವು ಕಣ್ಣಿನ ಒಳಗಿನಿಂದ ಬರುತ್ತಿದ್ದರೆ, ಬೆಳಕಿನತ್ತ ಮುಖ ಮಾಡಲಾಗದಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತ ತಲೆನೋವು ವಾಂತಿ ಬಂದರೆ, ಕಣ್ಣಿಗೆ ಏನಾದರೂ ತಾಗಿದ್ದು ನೆನಪಿದ್ದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು. ಹುಟ್ಟಿ ತಿಂಗಳು ತುಂಬದ ಕೂಸಿನ ಕಣ್ಣಿನಲ್ಲಿ ಕೀವು ಕಂಡರೆ ಒಂದು ರಾತ್ರಿಯನ್ನೂ ಕಾಯಬಾರದು. ಹೆರಿಗೆಯ ವೇಳೆ ತಾಯಿಯಿಂದ ದಾಟುವ ಕೆಲವು ಸೋಂಕುಗಳು ಕಾರ್ನಿಯಾವನ್ನು ಒಂದೆರಡು ದಿನಗಳಲ್ಲೇ ತೂತು ಮಾಡಬಲ್ಲವು. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ. ಆದರೆ ಆಗುಂಬೆಯ ಬದಿಯಿಂದಲೋ ಹೊಸನಗರದ ಒಳಹಳ್ಳಿಯಿಂದಲೋ ಮಳೆಯಲ್ಲಿ ಎರಡು ಬಸ್ಸು ಬದಲಿಸಿ ಬರಬೇಕಾದವರಿಗೆ “ಡಾಕ್ಟರಿಗೆ ತೋರಿಸಿ” ಎಂದಷ್ಟೇ ಹೇಳುವುದು ಸುಲಭದ ಮಾತಾಗುತ್ತದೆ ಎಂಬುದನ್ನು ಬಲ್ಲೆ. ಊರಿನ ಆಶಾ ಕಾರ್ಯಕರ್ತೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, 104ರ ಆರೋಗ್ಯ ಸಹಾಯವಾಣಿ, ಇವು ಯಾರು ಹೊರಡಲೇಬೇಕು ಯಾರು ಮನೆಯಲ್ಲೇ ಇರಬಹುದು ಎಂದು ವಿಂಗಡಿಸಲಾದರೂ ನೆರವಾಗುತ್ತವೆ.

ಮನೆಮದ್ದಿನ ಮಾತು ಬಂದಾಗ ನನಗೆ ಅಜ್ಜಿಯ ನೆನಪಾಗುತ್ತದೆ. ಬೆಳಗಿನ ಇಬ್ಬನಿ ಇನ್ನೂ ಆರದ ನಂದಿಬಟ್ಟಲು ಹೂಗಳನ್ನು ಬಿಡಿಸಿ ತಂದು, ತಣ್ಣೀರಲ್ಲಿ ತೊಳೆದು, ನಮ್ಮನ್ನು ಜಗಲಿಯಲ್ಲಿ ಅಂಗಾತ ಮಲಗಿಸಿ, ಮುಚ್ಚಿದ ರೆಪ್ಪೆಯ ಮೇಲೆ ಒಂದೊಂದಾಗಿ ಇಡುತ್ತಿದ್ದಳು. ಆ ತಂಪು ನಿಜವಾದದ್ದು. ಮುಚ್ಚಿದ ಕಣ್ಣಿನ ಮೇಲಿಟ್ಟ ಹೂವು ತಣ್ಣೀರ ಪಟ್ಟಿ ಮಾಡುವ ಕೆಲಸವನ್ನೇ ಮಾಡುತ್ತದೆ. ಅದೇ ಹೂವನ್ನು ಹಿಂಡಿ ರಸವನ್ನು ಕಣ್ಣಿನೊಳಗೆ ಬಿಡುವುದು ಮಾತ್ರ ಬೇರೆ ವಿಷಯ. ಎದೆಹಾಲು, ಜೇನು, ಹರಳೆಣ್ಣೆ, ಪಟಿಕದ ನೀರು, ಯಾವುದೇ ಸೊಪ್ಪಿನ ರಸ, ಇವು ಯಾವುವೂ ಕ್ರಿಮಿಶುದ್ಧವಾದ ದ್ರವಗಳಲ್ಲ. ಬೇನೆ ಬಂದ ಪೊರೆಯ ಮೇಲೆ ಇವು ಹೊಸ ಸೋಂಕನ್ನು ಬಿತ್ತಬಲ್ಲವು. ಅರಿಶಿನದಲ್ಲಿ ಅದ್ದಿದ ಬಟ್ಟೆಯನ್ನು ಇಟ್ಟುಕೊಂಡು ಕಣ್ಣು ಒರೆಸುವ ರೂಢಿಯಲ್ಲಿ ಒಬ್ಬರಿಗೆ ಒಂದು ಬಟ್ಟೆ ಎಂಬ ಒಳ್ಳೆಯ ಶಿಸ್ತಿತ್ತು. ಆದರೆ ದಿನವಿಡೀ ಸೊಂಟಕ್ಕೆ ಸಿಕ್ಕಿಸಿಕೊಂಡ ಅದೇ ಒದ್ದೆ ಬಟ್ಟೆಯಿಂದ ಎರಡೂ ಕಣ್ಣು ಒರೆಸಿದರೆ ಆ ಶಿಸ್ತು ಅಲ್ಲಿಗೆ ಮುಗಿಯಿತು.

ಮಕ್ಕಳನ್ನು ಎಷ್ಟು ದಿನ ಶಾಲೆಗೆ ಕಳಿಸಬಾರದು ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಅಂಕಿ ಹೇಳಲಾಗದು. ಕಣ್ಣಿನಿಂದ ನೀರು, ಪಿಸುರು ಬರುತ್ತಿರುವಷ್ಟು ದಿನ ಬೇನೆ ಅಂಟಬಲ್ಲದು, ಅಡಿನೋವೈರಸ್‌ನಲ್ಲಿ ಇದು 10ರಿಂದ 14 ದಿನದವರೆಗೆ ಎಳೆಯಬಹುದು. ಕೈ ತೊಳೆಯುವ ಪಾಠ ಅರ್ಥವಾಗದ ಅಂಗನವಾಡಿಯ ಮಕ್ಕಳು ಸ್ರಾವ ನಿಲ್ಲುವ ತನಕ ಮನೆಯಲ್ಲಿರುವುದೇ ಸರಿ. ದಿನಗೂಲಿಯ ತಾಯಂದಿರಿಗೆ ಹದಿನೈದು ದಿನ ಮಗುವನ್ನು ನೋಡಿಕೊಂಡು ಕೂರುವುದು ಸಾಧ್ಯವಿಲ್ಲ. ಅವರನ್ನು ದೂರುವ ಬದಲು ಶಾಲೆಗಳಲ್ಲಿ ನಲ್ಲಿಯ ಬಳಿ ಸೋಪು ಇದೆಯೇ ಎಂದು ನಾವು ನೋಡಬೇಕು. ವಸತಿ ಶಾಲೆಗಳಲ್ಲಿ ಮಕ್ಕಳನ್ನು ಮನೆಗೆ ಕಳಿಸಿದರೆ ಬೇನೆ ಹಳ್ಳಿಹಳ್ಳಿಗೆ ಹೋಗುತ್ತದೆ, ಇಟ್ಟುಕೊಂಡರೆ ಕೋಣೆಕೋಣೆಗೆ ಹಬ್ಬುತ್ತದೆ. ಬೇನೆ ಬಂದವರಿಗೆ ಬೇರೆ ಕೋಣೆ, ಬೇರೆ ಬಕೆಟ್ಟು, ಹೆಸರು ಹೊಲಿದ ಪ್ರತ್ಯೇಕ ಟವೆಲ್ಲು, ಇವನ್ನು ಮಳೆಗಾಲಕ್ಕೆ ಮುಂಚೆಯೇ ಸಿದ್ಧವಾಗಿಡಬಹುದು. ಚಿಲಕ, ನಲ್ಲಿ, ಕಂಬಿಗಳನ್ನು ಒರೆಸಲು ಬ್ಲೀಚಿಂಗ್ ಪೌಡರಿನ ತಿಳಿನೀರು ಸಾಕು, ಅಡಿನೋವೈರಸ್ ಅದಕ್ಕೆ ಸಾಯುತ್ತದೆ.

ಕಣ್ಣು ಬೆಳ್ಳಗಾಗಿ ಎರಡು ಮೂರು ವಾರವಾದ ಮೇಲೂ ಅಕ್ಷರಗಳು ಮಸುಕಾಗಿ ಕಾಣುತ್ತಿವೆ, ಎದುರಿನ ವಾಹನದ ದೀಪ ಹರಡಿಕೊಂಡಂತಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅಡಿನೋವೈರಸ್ ಬಿಟ್ಟುಹೋದ ಸಣ್ಣ ಚುಕ್ಕೆಗಳು ಕಾರ್ನಿಯಾದಲ್ಲಿ ಉಳಿದಾಗ ಹೀಗಾಗುತ್ತದೆ. ತಿಂಗಳುಗಳ ಕಾಲ ಇದ್ದು ಹೆಚ್ಚಿನವರಲ್ಲಿ ಅವು ತಾವಾಗಿಯೇ ಕರಗುತ್ತವೆ, ಕರಗದಿದ್ದರೆ ತಜ್ಞರ ಬಳಿ ಅದಕ್ಕೆ ಚಿಕಿತ್ಸೆಯಿದೆ. ಆಗಲೂ ಹಳೆಯ ಬಾಟಲಿಯತ್ತ ಕೈ ಹೋಗಬಾರದು. ಕಣ್ಣಿನ ಡ್ರಾಪ್ಸನ್ನು ತೆರೆದ ಒಂದು ತಿಂಗಳೊಳಗೆ ಬಳಸಿ ಮುಗಿಸಬೇಕೆಂದು ಲೇಬಲ್ಲಿನ ಮೇಲೆಯೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ನಮ್ಮ ಮನೆಯಲ್ಲಿ ಈಗ ಬಾಟಲಿ ತೆರೆದ ದಿನವೇ ಅದರ ಮೇಲೆ ಪೆನ್ನಿನಿಂದ ತಾರೀಖನ್ನೂ ಅದು ಯಾರದೆಂಬುದನ್ನೂ ಬರೆಯುತ್ತೇವೆ. ತಿಂಗಳು ತುಂಬಿದ ದಿನ ಉಳಿದದ್ದನ್ನು ಎಸೆಯುತ್ತೇವೆ. ಗೋಡೆಗೂಡಿನ ಆ ಜಾಗದಲ್ಲಿ ಈಗ ಹತ್ತಿಯ ಕಟ್ಟು, ಒಂದು ಸೋಪು ಇವೆ.